ಗೇಟಿನವನ ಮೂವತ್ತೊಂದು ನೋಟ್‌ಬುಕ್‌ಗಳು

ಮಳೆ ನಿಂತ ಮರುದಿನ ಬೆಳಿಗ್ಗೆ ಎಲೆಕ್ಟ್ರಿಷಿಯನ್ ಮೇನ್ ಸ್ವಿಚ್ ಆಫ್ ಮಾಡಿ ಕೈಸನ್ನೆ ಮಾಡಿದ ಮೇಲೆ ನಾನು ಟಾರ್ಚ್ ಹಿಡಿದು ನೆಲಮಾಳಿಗೆಗೆ ಇಳಿದೆ. ಕೊನೆಯ ಮೆಟ್ಟಿಲಿಗೆ ಬರುವಷ್ಟರಲ್ಲಿ ನೀರು ಮೊಣಕಾಲು ಮುಟ್ಟಿತ್ತು. ಮಣ್ಣುಬಣ್ಣದ ನೀರು, ಅದರ ಮೇಲೆ ಡೀಸೆಲ್ಲಿನ ತೆಳು ಪೊರೆ. ಬರ್ ದುಬೈಯ ನನ್ನ ಮನೆಯಿಂದ ಅಲ್ ಕೂಜ್‌ನ ಈ ಆಫೀಸಿಗೆ ಬರಲು ಅಂದು ಮೂರು ಗಂಟೆ ಹಿಡಿದಿತ್ತು. ದಾರಿಯುದ್ದಕ್ಕೂ ನಾನು ಯೋಚಿಸಿದ್ದು ಒಂದೇ: ಆ ನಾಲ್ಕು ಪೆಟ್ಟಿಗೆಗಳು.

ನಮ್ಮದು ಹಳೆಯ ಕಾಗದಪತ್ರಗಳನ್ನು ಸ್ಕ್ಯಾನ್ ಮಾಡಿ ಕಾಯ್ದಿಡುವ ಕಂಪನಿ. ಆಸ್ಪತ್ರೆಗಳ ಫೈಲು, ವಕೀಲರ ಕಡತ, ಕಟ್ಟಡಗಳ ನಕ್ಷೆ ಹೀಗೆ ಯಾವುದೇ ಬರಲಿ, ನೆಲಮಾಳಿಗೆಯ ಕಬ್ಬಿಣದ ರ‍್ಯಾಕುಗಳಲ್ಲಿ ನಂಬರು ಹಾಕಿ ಇಡುತ್ತೇವೆ. ಯಾವುದನ್ನೂ ನೆಲದ ಮೇಲೆ ಇಡಬಾರದು ಎನ್ನುವುದು ಸ್ಟೋರಿನ ಮೊದಲ ನಿಯಮ. ಆ ನಿಯಮವನ್ನು ಟೈಪ್ ಮಾಡಿ ಗೋಡೆಗೆ ಅಂಟಿಸಿದವಳು ನಾನೇ. ಎಂಟು ದಿನಗಳ ಹಿಂದೆ ಆ ಪೆಟ್ಟಿಗೆಗಳು ಬಂದಾಗ ಒಂದು ಆಸ್ಪತ್ರೆಯ ಫೈಲುಗಳಿಂದ ರ‍್ಯಾಕುಗಳೆಲ್ಲ ತುಂಬಿದ್ದವು. ಎರಡೇ ದಿನದ ಮಾತಲ್ಲವೇ ಎಂದು ಎರಡು ರ‍್ಯಾಕುಗಳ ನಡುವೆ ನೆಲದ ಮೇಲೆ ಇರಿಸಿ, ರಿಜಿಸ್ಟರಿನಲ್ಲಿ ಮಾತ್ರ ರ‍್ಯಾಕಿನ ನಂಬರು ಬರೆದಿದ್ದೆ. ಎರಡು ದಿನ ಎಂಟಾಯಿತು. ಆಮೇಲೆ ಮಳೆ ಬಂತು.

ಟಾರ್ಚಿನ ಬೆಳಕಿಗೆ ಮೊದಲು ಕಂಡದ್ದು ರ‍್ಯಾಕುಗಳು. ಆಸ್ಪತ್ರೆಯ ಫೈಲುಗಳೆಲ್ಲ ನೀರಿನ ಮಟ್ಟಕ್ಕಿಂತ ಮೇಲಿನ ಸಾಲುಗಳಲ್ಲಿ ನೆನೆಯದೆ ಉಳಿದಿದ್ದವು. ನೆಲಮಾಳಿಗೆಯಲ್ಲಿ ನೆನೆದದ್ದು ನಾಲ್ಕೇ ಪೆಟ್ಟಿಗೆ. ರಟ್ಟು ಉಬ್ಬಿ ಮೂಲೆಗಳು ಬಿಚ್ಚಿಕೊಂಡಿದ್ದವು.

ಪೆಟ್ಟಿಗೆಗಳ ಯಜಮಾನರು ಅಲ್ ಬರ್ಷಾದಲ್ಲಿ ಮಗಳ ಕುಟುಂಬದೊಂದಿಗೆ ಇರುವ ಒಬ್ಬ ಇಂಗ್ಲಿಷ್ ಮುದುಕರು. ನಿವೃತ್ತ ಎಂಜಿನಿಯರ್, ಎಪ್ಪತ್ತೈದರ ಮೇಲೆ ವಯಸ್ಸು. ಉತ್ತರ ಇಂಗ್ಲೆಂಡಿನ ಒಂದು ಸಣ್ಣ ಮಿಲ್ಲಿನ ಊರು ಅವರದು. ಆ ಊರಿಗೊಂದು ಫುಟ್‌ಬಾಲ್ ಕ್ಲಬ್. ದೇಶದ ದೊಡ್ಡ ಲೀಗಿನ ಹತ್ತಿರಕ್ಕೂ ಎಂದೂ ಹೋಗದೆ, ಕೆಳಗಿನ ಡಿವಿಷನ್ನುಗಳಲ್ಲಿ ಏಳುತ್ತ ಬೀಳುತ್ತ ನೂರು ವರ್ಷಕ್ಕೂ ಮೇಲೆ ಆಡಿಕೊಂಡು ಬಂದ ತಂಡ. ಅವರ ತಂದೆ ಹಗಲು ಮಿಲ್ಲಿನಲ್ಲಿ ದುಡಿದು, ಪಂದ್ಯದ ದಿನ ಆ ಮೈದಾನದ ಗೇಟಿನಲ್ಲಿ ನಿಂತು ಜನರನ್ನು ಒಳಗೆ ಬಿಡುವ ಕೆಲಸ ಮಾಡುತ್ತಿದ್ದರು. ಪಂದ್ಯ ಮುಗಿದು ಮನೆಗೆ ಬಂದವರೇ ನೋಟ್‌ಬುಕ್ಕಿನಲ್ಲಿ ಅಂದಿನದನ್ನು ಬರೆಯುವುದು. ಮೂವತ್ತೊಂದು ಸೀಸನ್, ಮೂವತ್ತೊಂದು ನೋಟ್‌ಬುಕ್. ಕ್ಲಬ್ಬಿನ ಕಚೇರಿಗೆ ಒಮ್ಮೆ ಬೆಂಕಿ ಬಿದ್ದು ಅಲ್ಲಿನ ದಾಖಲೆಗಳೆಲ್ಲ ಹೋಗಿದ್ದವು. ಈಗ ಕ್ಲಬ್ಬಿನ ಅಭಿಮಾನಿಗಳು ಸೇರಿ ಚರಿತ್ರೆಯ ಪುಸ್ತಕವೊಂದನ್ನು ತರುವ ತಯಾರಿಯಲ್ಲಿದ್ದರು. ಅವರಿಗೆ ಈ ನೋಟ್‌ಬುಕ್ಕುಗಳೇ ಆಧಾರ.

ಪೆಟ್ಟಿಗೆಗಳು ಊರಿನಲ್ಲಿ ಮುದುಕರ ಅಕ್ಕನ ಮನೆಯ ಅಟ್ಟದಲ್ಲಿದ್ದವು. ಅಕ್ಕ ತೀರಿಕೊಂಡ ಮೇಲೆ ಇಲ್ಲಿಗೆ ಬಂದವು. ಆ ಹೊತ್ತಿಗೆ ಮುದುಕರ ಕಣ್ಣು ಮಂಜಾಗಿ, ಸಣ್ಣ ಅಕ್ಷರ ಓದಲಾಗುತ್ತಿರಲಿಲ್ಲ. ಪೆಟ್ಟಿಗೆ ಕೊಡಲು ಬಂದ ದಿನ ಅವರು ನನಗೆ ಹೇಳಿದ್ದರು: “ಕ್ಲಬ್ಬಿಗೆ ಒಂದು ಪ್ರತಿ. ನನಗೊಂದು ಪ್ರತಿ. ನನ್ನದನ್ನು ಟಿವಿ ಪರದೆಯಷ್ಟು ದೊಡ್ಡದಾಗಿ ನೋಡುವಂತಿರಬೇಕು. ನಾನು ಇವನ್ನು ಇನ್ನೂ ಓದಿಲ್ಲ.”

ನೆನೆದ ಕಾಗದಕ್ಕೆ ಸಮಯ ಬಹಳ ಕಡಿಮೆ. ಎರಡು ದಿನ ದಾಟಿದರೆ ಬೂಸ್ಟು ಹಿಡಿಯಲು ಶುರುವಾಗುತ್ತದೆ. ಈ ಊರಿನ ಸೆಕೆಗೆ ಅದಕ್ಕೂ ಮೊದಲೇ. ಪೆಟ್ಟಿಗೆಯ ಬದಿಯನ್ನು ಬ್ಲೇಡಿನಿಂದ ಕೊಯ್ದು ಮೇಲಿನ ನೋಟ್‌ಬುಕ್ಕನ್ನು ಎರಡೂ ಅಂಗೈಗಳ ಮೇಲೆ ಎತ್ತಿದೆ. ಅಂಚಿನಲ್ಲಿ ನೀಲಿ ನೀರು ಜಿನುಗಿತು. ಫೌಂಟನ್ ಪೆನ್ನಿನ ಶಾಯಿ. ನೀರಿಗೆ ಕರಗುವ ಶಾಯಿ.

ಮ್ಯಾನೇಜರ್ ಮೇಲೆ ಫೋನಿನಲ್ಲಿದ್ದರು. ಕೊಚ್ಚಿಯವರು, ಒಳ್ಳೆಯ ಮನುಷ್ಯ. ಆದರೆ ಆ ದಿನ ಅವರ ತಲೆಯ ಮೇಲೆ ಹತ್ತು ಕಂಪನಿಗಳ ಫೋನು ಒಟ್ಟಿಗೆ ಬರುತ್ತಿತ್ತು. “ಟೆರೇಸಿನಲ್ಲಿ ಬಿಸಿಲಿಗೆ ಹಾಕಿಬಿಡು,” ಎಂದರು.

“ಬಿಸಿಲಿಗೆ ಹಾಕಿದರೆ ಹಾಳೆ ಹಾಳೆಗೆ ಅಂಟಿಕೊಳ್ಳುತ್ತದೆ ಸರ್. ಶಾಯಿಯೂ ಹರಡುತ್ತದೆ. ಫ್ರೀಜ್ ಮಾಡಬೇಕು.”

“ಫ್ರೀಜ್? ಆಫೀಸಿನ ಫ್ರಿಜ್ಜಿನಲ್ಲಿ ಎರಡು ಮೊಸರಿನ ಡಬ್ಬಿ ಹಿಡಿಸುವುದಿಲ್ಲ.”

“ಜಾಗ ನಾನು ಹುಡುಕುತ್ತೇನೆ. ಆದರೆ ಮೊದಲು ಅವರಿಗೆ ಹೇಳಬೇಕು.”

ಅವರು ಫೋನನ್ನು ಎದೆಗೊತ್ತಿಕೊಂಡು ಮೆಲ್ಲಗೆ ಹೇಳಿದರು: “ಹೇಳು. ಮಳೆನೀರು ನುಗ್ಗಿತು ಎಂದು ಹೇಳು. ಊರಿಗೆ ಊರೇ ಮುಳುಗಿದೆ, ಯಾರೂ ಕೇಳುವುದಿಲ್ಲ. ಸುಳ್ಳೇನೂ ಅಲ್ಲವಲ್ಲ.”

ಸುಳ್ಳಲ್ಲ, ನಿಜವೇ. ಮೆಟ್ಟಿಲ ಮೇಲೆ ಕುಳಿತು, ಒದ್ದೆ ಸಲ್ವಾರನ್ನು ಹಿಂಡುತ್ತ, ಆ ಅರ್ಧ ಸತ್ಯವನ್ನೇ ಹೇಳುವುದೆಂದು ನಂಬರು ಒತ್ತಿದೆ. ಮುದುಕರು ಮೊದಲ ರಿಂಗಿಗೇ ಎತ್ತಿಕೊಂಡರು. ಹಿಂದಿನ ದಿನದಿಂದ ಫೋನು ಕೈಯಲ್ಲೇ ಹಿಡಿದು ಕುಳಿತಿದ್ದರೋ ಏನೋ. “ಎತ್ತರದಲ್ಲಿದ್ದವು ತಾನೇ?” ಎಂದರು. ಅದು ಅವರ ಮೊದಲ ಮಾತು.

“ಇಲ್ಲ,” ಎಂದೆ. “ನೆಲದ ಮೇಲಿದ್ದವು. ರ‍್ಯಾಕಿನಲ್ಲಿ ಜಾಗವಿಲ್ಲವೆಂದು ನಾನೇ ಇಟ್ಟಿದ್ದೆ. ನನ್ನ ತಪ್ಪು. ನಾಲ್ಕೂ ಪೆಟ್ಟಿಗೆ ನೆನೆದಿವೆ.”

ಅವರು ನಿಧಾನವಾಗಿ ಹೇಳಿದರು: “ನಿಜ ಹೇಳಿದ್ದಕ್ಕೆ ಥ್ಯಾಂಕ್ಸ್ ಎನ್ನುವ ಸ್ಥಿತಿಯಲ್ಲಿ ನಾನು ಈಗ ಇಲ್ಲ. ಏನು ಮಾಡಬೇಕು, ಅದನ್ನು ಹೇಳಿ.”

ಏನು ಮಾಡಬೇಕೆಂದು ಹೇಳಿದೆ. ಎರಡು ಗಂಟೆಯ ನಂತರ ಅವರು ಬಂದರು. ಪ್ಯಾಂಟನ್ನು ಮೊಣಕಾಲಿನವರೆಗೆ ಮಡಚಿದ್ದರು, ಶೂಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಿಡಿದಿದ್ದರು. ಅರ್ಧ ದಾರಿ ಟ್ಯಾಕ್ಸಿ, ಉಳಿದದ್ದು ನಡಿಗೆ. ನನ್ನನ್ನು ನೋಡಿ ತಲೆ ಆಡಿಸಿದರು, ಅಷ್ಟೇ. ಕುರ್ಚಿ ಎಳೆದುಕೊಂಡು ಮೇಜಿನ ಮುಂದೆ ಕುಳಿತರು.

ಕೆಳಗಿನ ಗ್ರೋಸರಿಯಿಂದ ತರಕಾರಿಯ ಪ್ಲಾಸ್ಟಿಕ್ ಕ್ರೇಟುಗಳನ್ನೂ ಪಕ್ಕದ ಕೆಫೆಟೇರಿಯಾದಿಂದ ಬಟರ್ ಪೇಪರಿನ ಸುರುಳಿಗಳನ್ನೂ ತಂದಿದ್ದೆ. ಒಂದೊಂದು ನೋಟ್‌ಬುಕ್ಕನ್ನೂ ತೆರೆಯದೆ, ಹಿಂಡದೆ, ಬಟರ್ ಪೇಪರಿನಲ್ಲಿ ಸಡಿಲವಾಗಿ ಸುತ್ತಿ, ಬೆನ್ನು ಕೆಳಗೆ ಬರುವಂತೆ ಕ್ರೇಟಿನಲ್ಲಿ ನಿಲ್ಲಿಸಬೇಕು. ಕೆಸರು ಕಂಡರೂ ತೊಳೆಯಬಾರದು. ತೊಳೆದರೆ ಶಾಯಿಯೂ ಹೋಗುತ್ತದೆ. ನಂಬರಿನ ಚೀಟಿಯನ್ನು ಪೆನ್ಸಿಲಿನಲ್ಲೇ ಬರೆಯಬೇಕು. ಮುದುಕರು ಕಾಗದ ಕತ್ತರಿಸಿ ಕೊಟ್ಟರು, ನಾನು ಸುತ್ತಿದೆ. ಎರಡು ಪೆಟ್ಟಿಗೆಗಳಲ್ಲಿ ಪಂದ್ಯದ ದಿನ ಮೈದಾನದಲ್ಲಿ ಮಾರುವ ಅಚ್ಚಿನ ಕಿರುಪುಸ್ತಿಕೆಗಳಿದ್ದವು. ಅವಕ್ಕೆ ಕೈ ಹಾಕಿದಾಗ ಅವರು ತಡೆದರು. “ಅವು ಇನ್ನೂ ಹತ್ತು ಮಂದಿಯ ಮನೆಯಲ್ಲಿವೆ. ಮೊದಲು ಅಪ್ಪನದು.”

ಫ್ರೀಜರಿಗಾಗಿ ನನಗೆ ನೆನಪಾದದ್ದು ಒಬ್ಬರೇ. ಅಬುಧಾಬಿಯ ಅಲ್ ಮೀನಾ ಬಂದರಿನಲ್ಲಿ ಮೀನಿನ ಸಗಟು ವ್ಯಾಪಾರ ಮಾಡುವ ಉಳ್ಳಾಲದ ಹಾಜಿಯವರು. ನಮ್ಮ ಕರಾವಳಿಯವರ ಕೂಟಗಳಲ್ಲಿ ನಾಲ್ಕೈದು ಸಲ ಭೇಟಿಯಾಗಿದ್ದೆ. ಉಡುಪಿಯ ಕಡೆಯವಳೆಂದು ಗೊತ್ತಾದ ಮೇಲೆ ನನ್ನೊಡನೆ ತುಳುವಿನಲ್ಲೇ ಮಾತು ಶುರು ಮಾಡುತ್ತಿದ್ದರು. ಫೋನಿನಲ್ಲಿ ವಿಷಯ ಹೇಳಿದೆ.

“ಎಂತ ತಂಗೀ, ಪುಸ್ತಕವಾ? ಮೀನಿನ ಕೋಲ್ಡ್ ಸ್ಟೋರಿನಲ್ಲಿ ಪುಸ್ತಕವಾ?”

“ಹೌದು ಹಾಜಿಯವರೇ. ನಾಳೆ ಮಧ್ಯಾಹ್ನದೊಳಗೆ ಹೆಪ್ಪುಗಟ್ಟದಿದ್ದರೆ ಎಲ್ಲ ಹೋಗ್ತದೆ.”

“ಯಾರದ್ದು, ಸರ್ಕಾರದ ಕಾಗದವಾ?”

“ಅಲ್ಲ. ಒಂದು ಫುಟ್‌ಬಾಲ್ ಕ್ಲಬ್ಬಿನದ್ದು. ಇಂಗ್ಲೆಂಡಿನ ಸಣ್ಣ ಊರಿನದ್ದು.”

ಅವರು ನಕ್ಕುಬಿಟ್ಟರು. “ಸಣ್ಣ ಊರಿನ ಫುಟ್‌ಬಾಲ್ ನನಗೆ ಹೇಳ್ಬೇಡ ನೀನು. ಉಳ್ಳಾಲದಲ್ಲಿ ನಾನು ಹದಿನಾರು ವರ್ಷ ಗೋಲ್ ಕಾಯುವ ಗೋಲಿ ಆಗಿ ನಿಂತವ. ಕೇಳು, ಸೀಗಡಿಯ ಚೇಂಬರ್ ಖಾಲಿ ಉಂಟು, ಮಾಲು ಬರ್ಲಿಕ್ಕೆ ಒಂದು ವಾರ ಆಗ್ತದೆ. ನನ್ನದೊಂದು ಫ್ರೀಜರ್ ಗಾಡಿ ಮಳೆಗೆ ಸಿಕ್ಕಿ ದುಬೈಯಲ್ಲೇ ನಿಂತಿದೆ, ಖಾಲಿ. ಡ್ರೈವರನಿಗೆ ಹೇಳ್ತೇನೆ. ದಾಲ ಆಪುಜಿ, ಏನೂ ಆಗೂದಿಲ್ಲ. ಯಲ್ಲಾ, ಬೇಗ ಕಟ್ಟು.”

ಮಧ್ಯಾಹ್ನ ಎರಡಕ್ಕೆ ಗಾಡಿ ಬಂತು. ನಾನು ಡ್ರೈವರನ ಪಕ್ಕ ಕುಳಿತೆ. ಮುದುಕರು ಬರುತ್ತೇನೆಂದು ಹಟ ಹಿಡಿದರೂ ಕ್ಯಾಬಿನ್ನಿನಲ್ಲಿ ಜಾಗವಿರಲಿಲ್ಲ. ಗಾಡಿಯ ಹಿಂಬಾಗಿಲನ್ನು ಅವರೇ ತಳ್ಳಿ ಮುಚ್ಚಿ, ಚಿಲಕ ಬಿದ್ದಿದೆಯೇ ಎಂದು ಎರಡು ಸಲ ಎಳೆದು ನೋಡಿದರು. ಹೆದ್ದಾರಿಯಲ್ಲಿ ಎರಡು ಕಡೆ ನೀರು ನಿಂತು ಪೊಲೀಸರು ವಾಹನಗಳನ್ನು ಬೇರೆ ದಾರಿಗೆ ತಿರುಗಿಸುತ್ತಿದ್ದರು. ಬಿಟ್ಟುಹೋದ ಕಾರುಗಳ ಛಾವಣಿಗಳು ಮಾತ್ರ ಕಾಣುತ್ತಿದ್ದವು. ಅಲ್ ಮೀನಾ ತಲುಪಿದಾಗ ಸಂಜೆಯ ಮೀನು ಹರಾಜಿನ ಗದ್ದಲ ಶುರುವಾಗಿತ್ತು. ಹಾಜಿಯವರು ರಬ್ಬರ್ ಬೂಟು ಹಾಕಿಕೊಂಡು ನಿಂತಿದ್ದರು. ಚೇಂಬರಿನ ನೆಲ ಒರೆಸಿ, ಮರದ ಹಲಗೆ ಹಾಸಿ ಇಟ್ಟಿದ್ದರು. ಗೋಡೆಯ ಮೀಟರು ಸೊನ್ನೆಗಿಂತ ಇಪ್ಪತ್ತೆರಡು ಡಿಗ್ರಿ ಕೆಳಗೆ ತೋರಿಸುತ್ತಿತ್ತು. ಕೊನೆಯ ಕ್ರೇಟನ್ನು ಒಳಗಿಟ್ಟು ಬಾಗಿಲು ಮುಚ್ಚಿದ ಮೇಲೆ ನನಗೆ ಬೆಳಗಿನಿಂದ ಏನೂ ತಿಂದಿಲ್ಲವೆಂದು ಗೊತ್ತಾಯಿತು.

ಹೆಪ್ಪುಗಟ್ಟಿಸಿದ್ದು ಕಾಲವನ್ನು ನಿಲ್ಲಿಸಿದ ಹಾಗೆ, ಅಷ್ಟೇ. ಒಣಗಿಸುವ ಕೆಲಸ ಹಾಗೆಯೇ ಉಳಿದಿತ್ತು.

ಮರುವಾರ ಮ್ಯಾನೇಜರ್ ಎಚ್ಚರಿಕೆ ಪತ್ರ ಕೊಟ್ಟರು. ರಿಜಿಸ್ಟರಿನಲ್ಲಿ ಸುಳ್ಳು ನಂಬರು ಬರೆದದ್ದಕ್ಕೆ. ಸಹಿ ಹಾಕಿದೆ. ಪತ್ರ ಕೊಡುತ್ತ ಅವರು, “ನೆಲದ ಮೇಲಿದ್ದದ್ದನ್ನು ನೀನು ಅವರಿಗೆ ಹೇಳದಿದ್ದರೆ ನಾನು ಇದನ್ನು ಬರೆಯಬೇಕಾಗಿರಲಿಲ್ಲ,” ಎಂದರು. ಆದರೆ ಕೆಲಸ ಮುಂದುವರಿಸಲು ಬೇಡ ಎನ್ನಲಿಲ್ಲ. ದಿನದ ಉಳಿದ ಕೆಲಸ ಮುಗಿಸಿಕೊಂಡು ಮಾಡು ಎಂದರು.

ಮೊದಲು ಕಿರುಪುಸ್ತಿಕೆಗಳ ಮೇಲೆ ಪ್ರಯೋಗ ಮಾಡಿದೆ. ಐದೈದು ತಂದು, ಕರಗಿಸಿ, ಹಾಳೆಗಳ ನಡುವೆ ಬ್ಲಾಟಿಂಗ್ ಪೇಪರ್ ಇಟ್ಟು, ಫ್ಯಾನಿನ ಗಾಳಿ ನೇರ ತಾಗದಂತೆ ಒಣಗಿಸಿದೆ. ಹಳೆಯ ಒರಟು ಕಾಗದದವು ಬದುಕಿದವು. ನುಣುಪು ಕಾಗದದವು ಅಂಟಿಕೊಂಡು ಇಟ್ಟಿಗೆಯಾದವು. ಅಚ್ಚಿನ ಶಾಯಿಯೇನೋ ಉಳಿಯುತ್ತದೆ, ನೋಟ್‌ಬುಕ್ಕಿನದು ಹಾಗಲ್ಲ. ಒಂದು ನೋಟ್‌ಬುಕ್ಕಿನಿಂದ ಕಳಚಿ ಬಂದಿದ್ದ ಬಿಡಿ ಹಾಳೆಯನ್ನು ಹೀಗೆಯೇ ಕರಗಿಸಿ ನೋಡಿದೆ. ಕಣ್ಣೆದುರೇ ಅಕ್ಷರಗಳು ಕಾಲು ಚಾಚಿ ಒಂದರೊಳಗೊಂದು ಸೇರಿಕೊಂಡವು. ಹತ್ತು ನಿಮಿಷದಲ್ಲಿ ಹಾಳೆ ತಿಳಿನೀಲಿ ಬಟ್ಟೆಯಂತಾಯಿತು.

ಈ ನೋಟ್‌ಬುಕ್ಕುಗಳಲ್ಲಿ ಮಂಜುಗಡ್ಡೆ ಮತ್ತೆ ನೀರಾಗಲೇಬಾರದು ಎಂದು ಆ ದಿನ ಸ್ಪಷ್ಟವಾಯಿತು. ಅದಕ್ಕೊಂದು ವಿಧಾನವಿದೆ. ಗಾಳಿಯನ್ನೆಲ್ಲ ಹೊರಗೆಳೆದ ಪೆಟ್ಟಿಗೆಯಲ್ಲಿಟ್ಟರೆ ಮಂಜುಗಡ್ಡೆ ನೀರಾಗದೆ ನೇರ ಆವಿಯಾಗಿ ಹೋಗುತ್ತದೆ. ವಿದೇಶದ ದೊಡ್ಡ ಗ್ರಂಥಾಲಯಗಳಿಗೆ ಬರೆದೆ. ಎಲ್ಲರೂ ಹೇಳಿದ್ದು ಅದನ್ನೇ. ನಮ್ಮಲ್ಲಿಗೆ ಹೆಪ್ಪುಗಟ್ಟಿದ ಸ್ಥಿತಿಯಲ್ಲೇ ಕಳಿಸಿ ಎಂದರು. ವಿಮಾನದಲ್ಲಿ, ಕಸ್ಟಮ್ಸಿನಲ್ಲಿ, ಎಲ್ಲಾದರೂ ಅರ್ಧ ದಿನ ಕರಗಿದರೆ ಖಲಾಸ್. ಅಷ್ಟರಲ್ಲಿ ಹಾಜಿಯವರ ಸೀಗಡಿ ಬಂತು. ಅವರು ಮರುಮಾತಿಲ್ಲದೆ ತಮ್ಮ ಗೋದಾಮಿನ ಮೂಲೆಗೆ ಎರಡು ಚೆಸ್ಟ್ ಫ್ರೀಜರ್ ತರಿಸಿ ನೋಟ್‌ಬುಕ್ಕುಗಳನ್ನು ಅದಕ್ಕೆ ಸಾಗಿಸಿದರು.

ಆ ಶುಕ್ರವಾರ ಅಲ್ಲಿಗೆ ಹೋಗಿದ್ದಾಗ ಆವಿಯ ವಿಷಯವನ್ನು ಅವರಿಗೆ ವಿವರಿಸಿದೆ. ಅವರು ಚಹಾದ ಲೋಟ ಕೆಳಗಿಟ್ಟರು.

“ನೀನು ಹೇಳೂದು ಸ್ಟ್ರಾಬೆರಿ ಒಣಗಿಸುವ ಮಷೀನಿನ ಹಾಗೆಯೇ ಉಂಟಲ್ಲ? ಇಲ್ಲಿ ಇಂಡಸ್ಟ್ರಿಯಲ್ ಏರಿಯಾದಲ್ಲಿ ಒಂದು ಫ್ಯಾಕ್ಟರಿ ಉಂಟು. ನನ್ನ ಸೀಗಡಿಯನ್ನೂ ಒಮ್ಮೆ ಒಣಗಿಸಿ ಕೊಟ್ಟಿದ್ದಾರೆ. ಹಪ್ಪಳದ ಹಾಗೆ ಆಗಿ ಬಂತು. ಅಲ್ಲಿ ಕನ್ನಡದ ಒಬ್ಬಳು ಹುಡುಗಿ ಉಂಟು, ಅವಳೇ ಎಲ್ಲ ನೋಡಿಕೊಳ್ಳೂದು.”

ಧಾರವಾಡದ ಕಡೆಯ ಆಹಾರ ತಂತ್ರಜ್ಞೆ ಅವಳು. ತಲೆಗೆ ನೀಲಿ ಟೊಪ್ಪಿಗೆ, ಕೈಗೆ ಗ್ಲೌಸು. ನನ್ನ ಮಾತು ಮುಗಿಯುವವರೆಗೂ ಕೇಳಿ, “ಮಾವಿನಹಣ್ಣು ಒಣಗ್ಸೋದು ಗೊತ್ತೈತ್ರೀ ಮೇಡಂ. ಪುಸ್ತಕ ಗೊತ್ತಿಲ್ರಿ,” ಎಂದಳು. ತಿನ್ನುವ ಪದಾರ್ಥದ ಯಂತ್ರದೊಳಗೆ ಕೆಸರು ನೀರು ಕುಡಿದ ಪುಸ್ತಕ ಹಾಕಲು ಸಾಧ್ಯವೇ ಇಲ್ಲವೆಂದಳು. ನಾನು ಎದ್ದು ನಿಂತಾಗ ಅವಳೇ ಯೋಚಿಸಿ ಹೇಳಿದಳು: “ಒಂದ್ ಟ್ರಯಲ್ ಮಷೀನ್ ಐತ್ರಿ, ಸಣ್ಣದು. ಮುಂದಿನ್ ತಿಂಗಳು ಕಂಪನಿಗೆ ವಾಪಸ್ ಹೊಕ್ಕೈತಿ. ಅದ್ರಾಗ ಈಗ ಏನೂ ಹಾಕಂಗಿಲ್ಲ. ನಮ್ ಸಾಹೇಬ್ರನ್ನ ಕೇಳ್ತೀನ್ರಿ. ಆದ್ರ ಕೆಟ್ಟರ ನನ್ನ ಬೈಬ್ಯಾಡ್ರಿ.”

ಅನುಮತಿ ಸಿಕ್ಕಿತು. ಯಂತ್ರ ಇರುವುದು ಇನ್ನು ಐದೇ ವಾರ. ಒಂದು ಸಲಕ್ಕೆ ಹಿಡಿಸುವುದು ಎಂಟು ನೋಟ್‌ಬುಕ್. ಎಷ್ಟು ಬಿಸಿ, ಎಷ್ಟು ದಿನ, ಯಾರಿಗೂ ಗೊತ್ತಿಲ್ಲ. ಮೊದಲು ಒಂದನ್ನು ಹಾಕಿ ನೋಡಬೇಕು, ಅದು ಹಾಳಾಗಲೂಬಹುದು. ಯಾವುದು?

ಅದನ್ನು ಮುದುಕರೇ ಹೇಳಬೇಕಿತ್ತು. ಅಲ್ ಬರ್ಷಾಕ್ಕೆ ಹೋದೆ. ಮಗಳು ಚಹಾ ಕೊಟ್ಟು ಒಳಗೆ ಹೋದಳು. ಮಳೆಯ ದಿನದ ನಂತರ ಅವರು ನನ್ನೊಡನೆ ಬೇಕಾದಷ್ಟೇ ಮಾತಾಡುತ್ತಿದ್ದರು. ಕೆಟ್ಟ ಮಾತಿಲ್ಲ, ಒಳ್ಳೆಯ ಮಾತೂ ಇಲ್ಲ. ನಂಬರುಗಳ ಪಟ್ಟಿಯನ್ನು ಓದಿ ಹೇಳಿದೆ, ಯಾವುದು ಯಾವ ವರ್ಷದ್ದೆಂದು ಅವರು ಹೇಳುತ್ತ ಹೋದರು. ಕ್ಲಬ್ ಮೊದಲ ಸಲ ಮೇಲಿನ ಡಿವಿಷನ್ನಿಗೆ ಏರಿದ ವರ್ಷ, ಹಿಮ ಬಿದ್ದು ಮೈದಾನ ಆರು ವಾರ ಮುಚ್ಚಿದ ವರ್ಷ, ಲೀಗಿನಿಂದಲೇ ಹೊರಬಿದ್ದ ವರ್ಷ. ನಾನು ಅಂದುಕೊಂಡದ್ದು, ವಿಶೇಷವೇನೂ ನಡೆಯದ ಯಾವುದಾದರೂ ವರ್ಷವನ್ನು ಆರಿಸುತ್ತಾರೆಂದು.

“ಒಂಬತ್ತು,” ಎಂದರು.

“ಅದರಲ್ಲೇನಿದೆ?”

“ಆಗ ನನಗೆ ಐದು ವರ್ಷ. ಅಪ್ಪ ನನ್ನನ್ನು ಕರೆದುಕೊಂಡು ಹೋಗಲು ಶುರು ಮಾಡಿದ ಸೀಸನ್. ನಾನಿದ್ದೆ, ನನಗೆ ನೆನಪಿದೆ. ನಾನು ಇಲ್ಲದಿದ್ದ ವರ್ಷಗಳು ಆ ಪುಸ್ತಕಗಳಲ್ಲಿ ಮಾತ್ರ ಇವೆ. ಅವನ್ನು ಕಳೆಯಬಾರದು.”

ಹಾಗೆ ಒಂಬತ್ತನೆಯದು ಯಂತ್ರಕ್ಕೆ ಹೋಯಿತು. ಹಾಕುವ ಮುನ್ನ ತೂಕ ಮಾಡಿದೆವು. ಆ ಕಾಲದ ಅದೇ ಅಳತೆಯ ಒಣ ನೋಟ್‌ಬುಕ್ಕಿನ ತೂಕವನ್ನು ಊರಿನ ಕ್ಲಬ್ಬಿನವರಿಂದ ತರಿಸಿಕೊಂಡಿದ್ದೆ. ಅಲ್ಲಿಗೆ ಇಳಿದರೆ ಒಣಗಿತೆಂದು ಲೆಕ್ಕ. ಹುಡುಗಿ ಹಣ್ಣಿಗೆ ಬಳಸುವ ಸೆಟ್ಟಿಂಗನ್ನೇ ಸ್ವಲ್ಪ ತಗ್ಗಿಸಿ ಹಾಕಿದಳು. ಮೂರನೆಯ ದಿನ ತೆಗೆದಾಗ ಹೊರಗಿನ ಹಾಳೆಗಳು ಗರಿಗರಿಯಾಗಿದ್ದವು. ಅಕ್ಷರ ಇದ್ದ ಹಾಗೇ ಇತ್ತು. ನಾನು ಕುಣಿಯುವುದೊಂದು ಬಾಕಿ. ನಡುವಿಗೆ ಬಂದಾಗ ಬೆರಳಿಗೆ ತಂಪು ತಾಗಿತು. ಯಂತ್ರದ ತಟ್ಟೆಯ ಬಿಸಿ ಹೆಚ್ಚಾಗಿ, ನಡುವಿನ ಮಂಜುಗಡ್ಡೆ ಆವಿಯಾಗುವ ಮೊದಲೇ ಕರಗಿತ್ತು. ಎಂಟು ಪುಟಗಳು ತಿಳಿನೀಲಿ.

ಹುಡುಗಿ ಗ್ಲೌಸು ತೆಗೆದು ಆ ಪುಟಗಳನ್ನು ಬೆರಳಿನಿಂದ ಮುಟ್ಟಿ ನೋಡಿದಳು. “ತಪ್ಪು ನಂದ್ರೀ,” ಎಂದಳು. “ಹಣ್ಣಿನ ಹೋಳು ಬೆರಳಿನಷ್ಟು ದಪ್ಪ ಇರ್ತೈತಿ. ಇದು ಒಳಗಿಂದ ಒಣಗಬೇಕಂದ್ರ ಭಾಳ ಹೊತ್ತು ಬೇಕು. ಬಿಸೀನ ಕೊಡಬಾರದಿತ್ತು.”

“ಇಬ್ಬರದ್ದೂ,” ಎಂದೆ. “ಈಗ ಏನು ಮಾಡೋಣ?”

“ಬಿಸಿ ತೆಗದು ದಿನ ಹೆಚ್ಚಿಗಿ ಮಾಡೂಣ್ರಿ.”

ಲೆಕ್ಕ ಹಾಕಿದೆವು. ಬಿಸಿಯನ್ನು ಪೂರ್ತಿ ತಗ್ಗಿಸಿದರೆ ಒಂದು ಸಲಕ್ಕೆ ಏಳು ದಿನ ಬೇಕು. ಮೂವತ್ತು ನೋಟ್‌ಬುಕ್ಕಿಗೆ ನಾಲ್ಕು ಸಲ. ಯಂತ್ರ ಇನ್ನಿರುವುದು ಇಪ್ಪತ್ತೊಂಬತ್ತು ದಿನ. ನಡುವೆ ಒಂದೇ ಒಂದು ದಿನ ಹೆಚ್ಚಿದೆ. ಇನ್ನೊಂದು ಪರೀಕ್ಷೆಗೆ ಸಮಯವಿಲ್ಲ. ನೇರವಾಗಿ ಎಂಟನ್ನೂ ಹಾಕಬೇಕು, ಇಲ್ಲವೇ ಬಿಡಬೇಕು. ನಾನು ಮುದುಕರಿಗೆ ಫೋನ್ ಮಾಡಿ ಎಂಟು ಪುಟ ಹೋದದ್ದನ್ನೂ ಉಳಿದ ಲೆಕ್ಕವನ್ನೂ ಒಂದೂ ಬಿಡದೆ ಹೇಳಿದೆ.

“ನಿಮ್ಮದೇ ಆಗಿದ್ದರೆ ಹಾಕುತ್ತಿದ್ದಿರಾ?” ಎಂದು ಕೇಳಿದರು.

“ಹಾಕುತ್ತಿದ್ದೆ.”

“ಹಾಕಿ.”

ಆ ನಾಲ್ಕು ವಾರ ನನ್ನ ರಜೆಗಳೆಲ್ಲ ಅಬುಧಾಬಿಯ ಬಸ್ಸಿನಲ್ಲೇ ಕಳೆದವು. ಹಾಜಿಯವರ ಗೋದಾಮಿನಿಂದ ಐಸ್ ಪೆಟ್ಟಿಗೆಯಲ್ಲಿ ಎಂಟು ನೋಟ್‌ಬುಕ್ಕುಗಳನ್ನು ಫ್ಯಾಕ್ಟರಿಗೆ ತರುವುದು, ತೂಕ ಬರೆಯುವುದು, ಯಂತ್ರದೊಳಗೆ ಒಂದಕ್ಕೊಂದು ತಾಗದಂತೆ ನಿಲ್ಲಿಸುವುದು. ಹುಡುಗಿ ದಿನಕ್ಕೆ ಎರಡು ಸಲ ಒತ್ತಡದ ಮೀಟರಿನ ಫೋಟೋ ಕಳಿಸುತ್ತಿದ್ದಳು. ಮೊದಲ ಸಲದ ಏಳನೆಯ ದಿನ ಮುಗಿದ ಮೇಲೂ ತಕ್ಷಣ ಬಾಗಿಲು ತೆರೆಯುವಂತಿರಲಿಲ್ಲ. ತಣ್ಣಗಿನ ಕಾಗದಕ್ಕೆ ಹೊರಗಿನ ತೇವ ಬಂದು ಕೂರುತ್ತದೆ. ಒಳಗಿನ ಶಾಖ ಕೋಣೆಯ ಶಾಖಕ್ಕೆ ಸಮನಾಗುವವರೆಗೆ ಇಬ್ಬರೂ ಗೋಡೆಗೊರಗಿ ಕಾದು ಕುಳಿತೆವು. ಬಾಗಿಲು ತೆರೆದು ಮೊದಲನೆಯದನ್ನು ನಡುಮಧ್ಯಕ್ಕೆ ಬಿಚ್ಚಿದೆ. ಒಣಗಿತ್ತು. ಎರಡನೆಯದೂ. ಎಂಟೂ. ಹುಡುಗಿ ನನ್ನ ಭುಜ ಹಿಡಿದು ಅಲುಗಿಸಿಬಿಟ್ಟಳು.

ನಾಲ್ಕನೆಯ ಸಲದ ಕೊನೆಯ ಆರು ಹೊರಬಂದ ಮರುದಿನವೇ ಯಂತ್ರ ಲಾರಿ ಹತ್ತಿತು.

ನಂತರದ್ದು ನನಗೆ ಗೊತ್ತಿದ್ದ ಕೆಲಸ. ಅತಿಯಾಗಿ ಒಣಗಿದ ಕಾಗದ ಮಡಚಿದರೆ ಮುರಿಯುತ್ತದೆ; ಎಸಿ ಇಲ್ಲದ ಕೋಣೆಯಲ್ಲಿ ನಾಲ್ಕು ದಿನ ಇಟ್ಟು ತುಸು ತೇವ ಕುಡಿಸಿದೆ. ಮೆತ್ತನೆಯ ಬ್ರಷ್ಷಿನಿಂದ ಕೆಸರಿನ ಪುಡಿ ಒರೆಸಿದೆ. ಗಾಜಿನ ಸ್ಕ್ಯಾನರಿಗೆ ಒತ್ತದೆ, ಮೇಲಿನಿಂದ ಕ್ಯಾಮೆರಾದಲ್ಲಿ ಒಂದೊಂದೇ ಪುಟ ತೆಗೆದೆ. ಫುಟ್‌ಬಾಲಿನ ಗಂಧವಿಲ್ಲದ ನಾನು ಓದುತ್ತ ಓದುತ್ತ ಆ ಗೇಟಿನವನ ಊರಿನವಳಾದೆ. ಗೋಲಿಯಾಗಿದ್ದ ಅಂಚೆಯವನು ಟಪಾಲು ಮುಗಿಸಿ ಓಡಿಬಂದು ಹತ್ತು ನಿಮಿಷ ತಡವಾಗಿ ಮೈದಾನಕ್ಕಿಳಿದದ್ದು. ಹಿಮ ತೆಗೆಯಲು ಆಟಗಾರರೂ ಪ್ರೇಕ್ಷಕರೂ ಮನೆಯಿಂದ ಸನಿಕೆ ತಂದದ್ದು. ಲೀಗಿನಿಂದ ಹೊರಬಿದ್ದ ದಿನದ ಪುಟದಲ್ಲಿ ಒಂದೇ ಸಾಲು: “ಗೇಟಿಗೆ ಎಣ್ಣೆ ಹಾಕಿದೆ. ಆಗಸ್ಟಿನ ಹೊಸ ಸೀಸನ್ನಿಗೆ ಬೇಕಾಗುತ್ತದೆ.”

ಹಾಜಿಯವರಿಗೆ ಆ ಅಂಚೆಯವನ ಕಥೆಯನ್ನು ಫೋನಿನಲ್ಲಿ ಓದಿ ಹೇಳಿದೆ. “ನಮ್ಮವನೇ ಅವ,” ಎಂದರು.

ಕೊನೆಗೆ ಉಳಿದದ್ದು ಒಂಬತ್ತನೆಯದರ ಎಂಟು ಪುಟ. ಬರಿಗಣ್ಣಿಗೆ ಅಲ್ಲೇನೂ ಇರಲಿಲ್ಲ. ಆದರೆ ಶಾಯಿ ಕರಗಿ ಹರಡಿದರೂ ಪೆನ್ನಿನ ಮೊನೆ ಒತ್ತಿದ ಗೆರೆಯಲ್ಲಿ ತುಸು ಹೆಚ್ಚು ಉಳಿದಿರುತ್ತದೆ. ಬಣ್ಣದ ಚಿತ್ರವನ್ನು ಕೆಂಪು, ಹಸಿರು, ನೀಲಿ ಎಂದು ಮೂರಾಗಿ ಬಿಡಿಸಿದರೆ, ಕೆಂಪಿನ ಪದರದಲ್ಲಿ ನೀಲಿ ಶಾಯಿ ಕಪ್ಪಾಗಿ ಕಾಣುತ್ತದೆ. ಹಾಗೆ ಮಾಡಿ, ಕಪ್ಪನ್ನು ಹಿಗ್ಗಿಸಿ, ದೀಪವನ್ನು ಪಕ್ಕದಿಂದ ಹಾಯಿಸಿ ಮತ್ತೆ ಫೋಟೋ ತೆಗೆದೆ. ಮೊದಲ ಪುಟದಲ್ಲಿ ಅರ್ಧಂಬರ್ಧ ಪದಗಳು ಎದ್ದವು. ಮುದುಕರನ್ನು ಬರಹೇಳಿದೆ. ನನಗೆ ತಿಳಿಯದ ಹೆಸರುಗಳನ್ನು ಅವರು ಊಹಿಸಬಲ್ಲರು.

ಪರದೆಯ ಮುಂದೆ ಇಬ್ಬರೂ ಕುಳಿತೆವು. ಅವರಿಗೆ ಪರದೆಯಲ್ಲಿ ಬೂದು ಮೋಡದಂಥದ್ದಷ್ಟೇ ಕಾಣುತ್ತಿತ್ತು. ನಾನು ಓದುತ್ತ ಹೋದೆ, ಅವರು ಹೆಸರು ತುಂಬುತ್ತ ಹೋದರು. ಐದನೆಯ ಪುಟಕ್ಕೆ ಬಂದಾಗ “ಮಂಜು” ಎನ್ನುವ ಪದ ಸಿಕ್ಕಿತು. ಆಮೇಲೆ “ರಿಸರ್ವ್ ತಂಡ”, ಅಂದರೆ ಕ್ಲಬ್ಬಿನ ಎರಡನೆಯ ತಂಡ.

ಅವರು ಮುಂದಕ್ಕೆ ಬಾಗಿದರು. “ಅದು ನನ್ನ ಮೊದಲ ಪಂದ್ಯ. ಮಂಜು ಕವಿದು ಗೇಟಿನ ಗೂಡಿನಿಂದ ಮೈದಾನ ಕಾಣುತ್ತಲೇ ಇರಲಿಲ್ಲ. ಸ್ಟೂಲಿನ ಮೇಲೆ ಕಂಬಳಿ ಹೊದ್ದು ಕುಳಿತಿದ್ದೆ. ಬರೀ ಕೂಗು ಕೇಳುತ್ತಿತ್ತು. ಮುಗಿದ ಮೇಲೆ ಅಪ್ಪ ನನ್ನನ್ನು ಹೆಗಲ ಮೇಲೆ ಹೊತ್ತು ಮನೆಯವರೆಗೂ ಹಾಡುತ್ತ ಬಂದ. ನಾವು ಗೆದ್ದಿದ್ದೆವು. ಆವತ್ತಿನಿಂದಲೇ ನನಗೆ ಈ ತಂಡದ ಹುಚ್ಚು. ರಿಸರ್ವ್ ಪಂದ್ಯದ ಫಲಿತಾಂಶ ಯಾವ ಪತ್ರಿಕೆಯಲ್ಲೂ ಇಲ್ಲ. ಎಷ್ಟು ಗೋಲು, ನೋಡಿ.”

ನಾನು ಆಗಲೇ ನೋಡಿದ್ದೆ. ಬೆಳಕನ್ನು ಇನ್ನೊಂದು ಬದಿಯಿಂದ ಹಾಯಿಸಿ ಮತ್ತೆ ನೋಡಿದೆ. ಅದೇ ಇತ್ತು. ಓದಲಾಗುತ್ತಿಲ್ಲ ಎಂದು ಹೇಳಿಬಿಡಬಹುದಿತ್ತು. ಆ ಪುಟವನ್ನು ಇನ್ಯಾರೂ ಓದಲಾರರು. ಬರೆದಿದ್ದಂತೆಯೇ ಓದಿದೆ.

“ಮಂಜು. ರಿಸರ್ವ್ ತಂಡದ ಪಂದ್ಯ. ಗೇಟಿನಲ್ಲಿ ಬಂದವರು ಅರವತ್ತೆರಡು ಮಂದಿ, ಒಂದು ನಾಯಿ. ಹುಡುಗ ಮೊದಲ ಸಲ ಬಂದ. ಸೊನ್ನೆ, ಮೂರು. ಸೋತೆವು. ಗೆದ್ದೆವಾ ಎಂದು ಹುಡುಗ ಕೇಳಿದ. ಹೌದು ಎಂದೆ.”

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಪಕ್ಕದ ಕೋಣೆಯಲ್ಲಿ ಸ್ಕ್ಯಾನರ್ ಓಡುವ ಸದ್ದು ಬರುತ್ತಿತ್ತು. ಆಮೇಲೆ ಅವರ ಹೊಟ್ಟೆ ಕುಲುಕತೊಡಗಿತು. ಅಳುತ್ತಿದ್ದಾರೆಂದು ನಾನು ನೀರಿನ ಲೋಟ ಮುಂದೆ ಸರಿಸಿದೆ. ನಗುತ್ತಿದ್ದರು. ಕಣ್ಣಲ್ಲಿ ನೀರೂ ಇತ್ತು.

“ಅಂದರೆ ಮೊದಲ ದಿನದಿಂದಲೇ ಸೋಲುತ್ತಿದ್ದೇವೆ,” ಎಂದರು.

ಪುಸ್ತಕಕ್ಕೆ ಇದನ್ನು ಹೇಗೆ ಕೊಡಬೇಕೆಂದು ಕೇಳಿದೆ.

“ಅಪ್ಪ ಬರೆದ ಹಾಗೆ. ನಾಯಿಯನ್ನೂ ಬಿಡಬೇಡಿ.” ಕನ್ನಡಕ ಹಾಕಿಕೊಂಡು ಕುರ್ಚಿಯನ್ನು ಪರದೆಗೆ ಇನ್ನಷ್ಟು ಹತ್ತಿರ ಎಳೆದುಕೊಂಡರು. “ಇನ್ನೂ ಮೂರು ಪುಟ ಇವೆಯಲ್ಲ. ಓದಿ.”